ಮೂರನೇ ವೈರು

ಈ ಕಥೆಯನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳುವ ಅಗತ್ಯವೇ ಬಿದ್ದಿಲ್ಲ. ಸೇಲಂನ ಗುಗೈಯಿಂದ ಧರ್ಮಪುರಿ ಬಸ್ ಸ್ಟ್ಯಾಂಡಿನವರೆಗೆ ನಮ್ಮವರ ಮನೆ ಎಷ್ಟಿವೆಯೋ ಅಷ್ಟು ಮನೆಗೂ ನಮ್ಮ ಬೀಗಿತ್ತಿ ಚೆಲ್ಲಮ್ಮನವರೇ ಹೋಗಿ ಹೇಳಿ ಬಂದಿದ್ದಾರೆ. ಅವರು ಹೇಳುವ ಕಥೆಯಲ್ಲಿ ನನ್ನ ಹೆಂಡತಿ ನನಗೆ ಮಣೆಯಿಂದ ಮೂರು ಏಟು ಹೊಡೆಯುತ್ತಾಳೆ. ನಿಜವಾಗಿ ಬಿದ್ದದ್ದು ಒಂದೇ ಏಟು. ಮಿಕ್ಕ ಎರಡು ಸುಳ್ಳು ಎಂದು ಸಾಧಿಸುವುದಕ್ಕಾಗಿಯೇ ಇಷ್ಟು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ನನಗೆ ಉಳಿದಿರುವ ಮಾನವೆಲ್ಲ ಆ ಎರಡು ಏಟಿನಲ್ಲಿದೆ.

ನಾವು ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದ ನೇಕಾರರು. ಮನೆ ಎಂದರೆ ಮುಂದೆ ಎರಡು ಮಗ್ಗ, ಹಿಂದೆ ಅಡಿಗೆಮನೆ, ನಡುವೆ ಉಳಿದ ಜಾಗದಲ್ಲಿ ಮನುಷ್ಯರು, ಎಲ್ಲರ ತಲೆಯ ಮೇಲೂ ಸಿಮೆಂಟ್ ಶೀಟು. ಹೆಂಡತಿ ಮಂಜುಳಮ್ಮ ಮಗ್ಗದ ಮುಂದೆ ಕೂತರೆ ದಿನಕ್ಕೆ ನಾಲ್ಕು ಮೊಳ ಸೀರೆ ಎದ್ದು ಬರುತ್ತದೆ. ನಾನು ಮಾತ್ರ ಮದುವೆಯಾದ ಐದು ವರ್ಷಕ್ಕೆ ಮಗ್ಗ ಬಿಟ್ಟು ಶಂಕಗಿರಿಯ ಒಂದು ಲಾರಿ ಆಫೀಸಿನಲ್ಲಿ ಬುಕಿಂಗ್ ಗುಮಾಸ್ತನಾದೆ. ಇಪ್ಪತ್ತೆರಡು ವರ್ಷ ಲಾರಿಗಳ ನಡುವೆ ಕೂತದ್ದರಿಂದ ಎಂಜಿನ್ನು, ಗೇರು, ಡೈನಮೋ, ಬ್ಯಾಟರಿ ಎಲ್ಲವೂ ನನಗೆ ಕರತಲಾಮಲಕ ಎಂಬ ಭಾವನೆ ಬಂದುಬಿಟ್ಟಿತ್ತು. (ಒಂದು ದಿನವೂ ಸ್ಪ್ಯಾನರ್ ಹಿಡಿದವನಲ್ಲ. ಹಿಡಿದವರ ಪಕ್ಕದಲ್ಲಿ ನಿಂತು ಟೀ ಕುಡಿದಿದ್ದೇನೆ.)

ತೊಂಬತ್ತೈದನೇ ಇಸವಿಯ ಬೇಸಗೆ. ನಮ್ಮ ಒಬ್ಬಳೇ ಮಗಳು ಜಯಪ್ರಿಯಾಳಿಗೆ ಧರ್ಮಪುರಿಯಲ್ಲಿ, ಅವಳ ಗಂಡನ ಮನೆಯಲ್ಲಿ, ಬಳೆ ತೊಡಿಸುವ ಶಾಸ್ತ್ರ ಆಯಿತು. ಶಾಸ್ತ್ರ ಮುಗಿದ ಮೇಲೆ ಬಸುರಿಯನ್ನು ತವರಿಗೆ ಕರೆದುಕೊಂಡು ಬರುವುದು ರೂಢಿ. ಚೊಚ್ಚಲ ಹೆರಿಗೆ ತಾಯಿಯ ಕೈಯಲ್ಲೇ ಆಗಬೇಕು. ಮಂಜುಳಮ್ಮ ಅದಕ್ಕಾಗಿ ಮೂರು ತಿಂಗಳಿಂದ ಹಳೆಯ ನೂಲಿನ ಸೀರೆಗಳನ್ನು ಒಗೆದು, ಹರಿದು, ಮಡಿಸಿ, ಟ್ರಂಕಿನಲ್ಲಿ ಪೇರಿಸಿಟ್ಟಿದ್ದಳು. ಊಟದ ಎಲೆ ಎತ್ತಿದ ಮೇಲೆ ಚೆಲ್ಲಮ್ಮನವರು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದರು.

"ತಪ್ಪು ತಿಳ್ಕೋಬ್ಯಾಡಿ ಬೀಗ್ರೇ. ನಿಮ್ ಮನೇಲಿ ಮಗ್ಗದ್ ಸದ್ದು ಬ್ಯಾರೆ, ಶೀಟು ಬ್ಯಾರೆ. ಈ ಬ್ಯಾಸ್ಗೆ ಕತ್ತಿರಿ ಬಿಸ್ಲಲ್ಲಿ ಉಡ್ಗಿ ಬೆಂದೋಗ್ತಾಳೆ. ಎಲ್ಲಾ ಇಲ್ಲೇ ಆಗ್ಲಿ ಬುಡಿ" ಎಂದರು.

ಮಂಜುಳಮ್ಮನ ಮುಖ ನೋಡಿದೆ. ಟ್ರಂಕಿನಲ್ಲಿದ್ದ ಬಟ್ಟೆಯೆಲ್ಲ ಆ ಮುಖದಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, ತಾನೇ ಮುಂದೆ ಹೋಗಿ ಹೇಳಿಬಿಟ್ಟಿತು: ನಮ್ಮ ಮನೆಯಲ್ಲಿ ಮಗಳಿಗೆಂದೇ ಎ.ಸಿ. ರೂಮು ಮಾಡಿಸಿದ್ದೇನೆ, ಯೋಚನೆ ಬೇಡ. ಬೀಗರಾದ ಬೈರಪ್ಪನವರು ಕೆಮ್ಮಿದರು. ಚೆಲ್ಲಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಹಾಗಾದರೆ ಬರುವ ಶುಕ್ರವಾರ ದಿನ ಚೆನ್ನಾಗಿದೆ, ಹುಡುಗಿಯನ್ನು ತಾವೇ ಕರೆತಂದು ಬಿಡುತ್ತೇವೆ, ಆ ರೂಮನ್ನೂ ಕಣ್ಣಾರೆ ನೋಡಿದ ಹಾಗಾಗುತ್ತದೆ ಎಂದರು.

ಬಸ್ಸು ತೊಪ್ಪೂರು ಘಾಟಿ ಇಳಿಯಿತು. ಮಂಜುಳಮ್ಮ ನನ್ನ ಕಡೆ ತಿರುಗಿ ಕೇಳಿದಳು.

"ಎ.ಸಿ. ರೂಮು ಎಲ್ಲೈತೆ?"

"ಬತ್ತದೆ" ಎಂದೆ.

ಬಂದದ್ದು ನಿಜ. ನಾಲ್ಕು ಚಕ್ರದ ಮೇಲೆ ಬಂತು. ನಮ್ಮ ಆಫೀಸಿನ ಶೆಡ್ಡಿನ ಹಿಂದೆ ಒಂದು ಟ್ರೈಲರ್ ಮನೆ ನಾಲ್ಕು ವರ್ಷದಿಂದ ಬಿದ್ದಿತ್ತು. ಭೂಮಿ ಕೊರೆದು ಕಲ್ಲು ಪರೀಕ್ಷೆ ಮಾಡಲು ಬಂದಿದ್ದ ಉತ್ತರದ ಎಂಜಿನಿಯರುಗಳು ಅದನ್ನು ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗಿ ಅದರಲ್ಲೇ ಮಲಗುತ್ತಿದ್ದರಂತೆ. ಅಲ್ಯೂಮಿನಿಯಂ ತಗಡಿನ ಮೈ, ಒಳಗೆ ಒಂದು ಮಂಚ, ಒಂದು ಕಿಟಕಿ, ಹಿಂದಿನ ಗೋಡೆಯನ್ನು ಕೊರೆದು ಕೂರಿಸಿದ ಒಂದು ಎ.ಸಿ. ಪೆಟ್ಟಿಗೆ. ಜಾಗ ಖಾಲಿಯಾದರೆ ಸಾಕು, ತಗೊಂಡು ಹೋಗು ಎಂದು ನಮ್ಮ ಮುದಲಾಳಿ, ಅಂದರೆ ಆಫೀಸಿನ ಮಾಲೀಕರು, ಅಪ್ಪಣೆ ಕೊಟ್ಟರು. ಒಂದು ಲಾರಿಯ ಹಿಂದೆ ಕಟ್ಟಿ ಗುಗೈಯ ನಮ್ಮ ಮನೆಯವರೆಗೆ ಎಳೆಸಿದೆ. ಹಿತ್ತಲಿನ ಕಾಂಪೌಂಡು ಒಡೆದು ಒಳಗೆ ನೂಕಿಸಿದೆ. ಎಳೆಯುವ ಕೊಂಡಿಯನ್ನು ಒಂದು ಹುಣಸೆ ದಿಮ್ಮಿಯ ಮೇಲೆ ಕೂರಿಸಿದೆ. ಮಂಜುಳಮ್ಮ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ತಗಡು ಡಬ್ಬ" ಎಂದಳು. ನಾನು ಅದಕ್ಕೆ ಗಾಡಿಮನೆ ಎಂದು ನಾಮಕರಣ ಮಾಡಿದೆ.

ಸೋಮವಾರ ಎಲೆಕ್ಟ್ರಿಷಿಯನ್ ಅಣ್ಣಾಮಲೈ ಬಂದ. ನನ್ನ ವಯಸ್ಸಿನವನೇ, ತಮಿಳಿನವನು, ಮಾತು ಕಡಿಮೆ. ಮನೆಯ ಹಿಂದಿನ ಗೋಡೆಗೆ ದೊಡ್ಡ ಮೂರು ಪಿನ್ನಿನ ಪ್ಲಗ್ ಪಾಯಿಂಟು ಹಾಕಿದ. ಅಲ್ಲಿಂದ ಗಾಡಿಮನೆಗೆ ಕೆಂಪು, ಕಪ್ಪು, ಹಸಿರು ಎಂದು ಮೂರು ವೈರು ಎಳೆದ. ಹಸಿರು ವೈರಿಗಾಗಿ ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು, ಕಬ್ಬಿಣದ ಪೈಪು ಹೂತ. ಎಲ್ಲ ಮುಗಿಸಿ ಸ್ವಿಚ್ ಹಾಕಿದ. ಎ.ಸಿ. ಒಂದು ಸಲ ಗುರ್ ಎಂದಿತು, ಮೀಟರ್ ಬೋರ್ಡಿನಲ್ಲಿ ಟಪ್ ಎಂದಿತು, ಫ್ಯೂಸು ಹೋಯಿತು. ಹೊಸ ತಂತಿ ಕಟ್ಟಿದ. ಮತ್ತೆ ಟಪ್. ಮೂರನೆಯ ಸಲವೂ ಟಪ್ ಎಂದ ಮೇಲೆ ಅಣ್ಣಾಮಲೈ ತಲೆ ಕೆರೆದುಕೊಂಡು, ಎ.ಸಿ. ಒಳಗೆ ಎಲ್ಲೋ ಕರೆಂಟು ತಗಡಿನ ಬಾಡಿಗೆ ತಾಗುತ್ತಿದೆ, ಪೆಟ್ಟಿಗೆ ಬಿಚ್ಚಿ ನೋಡಬೇಕು ಎಂದ. ಆದರೆ ಅವನ ತಂಗಿಯ ಮಗಳ ಮದುವೆ ಆತ್ತೂರಿನಲ್ಲಿ. ಶುಕ್ರವಾರ ಬಂದು ಬಿಚ್ಚುತ್ತೇನೆ, ಅದುವರೆಗೆ ಯಾರೂ ಕೈ ಹಾಕಬೇಡಿ ಎಂದು ಹೇಳಿ ಹೋದ.

ಶುಕ್ರವಾರ ಬೀಗರು ಬರುವ ದಿನ. ಆ ದಿನ ಅವರ ಮುಂದೆ ಎ.ಸಿ.ಯ ಕರುಳು ಬಿಚ್ಚಿ ಹರಡಿಕೊಂಡು ಕೂರುವುದೇ? ನಾನು ಗಾಡಿಮನೆಯ ಮೆಟ್ಟಿಲ ಮೇಲೆ ಕೂತು ಗಹನವಾಗಿ ಆಲೋಚಿಸಿದೆ. ಆಗ ನನ್ನ ಇಪ್ಪತ್ತೆರಡು ವರ್ಷದ ಲಾರಿ ವಿದ್ಯೆ ಒಳಗಿನಿಂದ ಎದ್ದು ಬಂತು.

ಶಂಕಗಿರಿಯಲ್ಲಿ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುತ್ತಾನೆ: ಲಾರಿಯ ಲೈಟಿಗೆ ಹೋಗುವುದು ಒಂದೇ ವೈರು. ಇನ್ನೊಂದು ವೈರೇ ಇಲ್ಲ. ಗಾಡಿಯ ಬಾಡಿಯೇ ಅರ್ತ್. ಕರೆಂಟು ವೈರಿನಲ್ಲಿ ಹೋಗಿ ಬಾಡಿಯಲ್ಲಿ ವಾಪಸು ಬರುತ್ತದೆ, ಮಳೆಯಲ್ಲಿ ನೆನೆದ ಲಾರಿಯನ್ನು ಕ್ಲೀನರು ಬರಿಗಾಲಲ್ಲಿ ತಬ್ಬಿಕೊಂಡು ಒರೆಸುತ್ತಾನೆ, ಅವನಿಗೆ ಏನೂ ಆಗುವುದಿಲ್ಲ. ಈ ಗಾಡಿಮನೆಗೂ ಚಕ್ರವಿದೆ, ಬಾಡಿಯಿದೆ. ಅಂದಮೇಲೆ ಇದರ ಅರ್ತ್ ಇದರಲ್ಲೇ ಇದೆ. ಅಣ್ಣಾಮಲೈ ಮನೆಗಳಿಗೆ ಕೆಲಸ ಮಾಡಿದವನು, ವಾಹನದ ವಿಚಾರ ಅವನಿಗೇನು ಗೊತ್ತು? ಇದ್ದ ಅರ್ತ್ ಸಾಲದೆಂದು ಇನ್ನೊಂದು ಹಸಿರು ವೈರು ತಂದು ಕಟ್ಟಿದ್ದಾನೆ. ಎರಡು ಅರ್ತ್ ಜಗಳವಾಡುತ್ತಿವೆ. ಅದಕ್ಕೇ ಫ್ಯೂಸು ಹೋಗುತ್ತಿದೆ.

ಈ ಸಿದ್ಧಾಂತ ನನಗೆ ಎಷ್ಟು ಹಿಡಿಸಿತೆಂದರೆ, ತಡಮಾಡದೆ ಮಗ್ಗದ ಕತ್ತರಿ ತಂದು ಹಸಿರು ವೈರನ್ನು ಕಚಕ್ಕೆಂದು ಕತ್ತರಿಸಿದೆ. ಫ್ಯೂಸಿಗೆ ಹೊಸ ತಂತಿ ಕಟ್ಟಿ ಸ್ವಿಚ್ ಹಾಕಿದೆ. ಎ.ಸಿ. ಗುರ್ ಎಂದಿತು, ಮತ್ತೆ ಗುರ್ ಎಂದಿತು, ಗುರ್ ಎನ್ನುತ್ತಲೇ ಇತ್ತು. ಅರ್ಧ ಗಂಟೆಯಲ್ಲಿ ಗಾಡಿಮನೆಯ ಒಳಗೆ ಕೊಡೈಕೆನಾಲು. ನಾನು ಮಂಚದ ಮೇಲೆ ಕಾಲು ಚಾಚಿ ಮಲಗಿ, ಇಂಥ ತಲೆ ಗುಮಾಸ್ತಗಿರಿಯಲ್ಲಿ ಕೊಳೆಯಿತಲ್ಲ ಎಂದು ನನ್ನ ಬಗ್ಗೆ ನಾನೇ ಮರುಗಿದೆ.

ಮಂಗಳವಾರ ಮಧ್ಯಾಹ್ನ ಮಂಜುಳಮ್ಮ ಒಳಗೆ ಗುಡಿಸಲು ಹೋದವಳು ಬಾಗಿಲ ಹಿಡಿ ಮುಟ್ಟಿ ಪೊರಕೆ ಬಿಸಾಡಿ ಬಂದಳು.

"ಏನೂಂದ್ರೆ, ಬಾಗ್ಲು ಮುಟ್ಟಿದ್ರೆ ಕೈಯೆಲ್ಲ ಜುಮ್ ಅಂತೈತೆ."

ನಾನು ಹೋಗಿ ಹಿಡಿಯನ್ನು ಗಟ್ಟಿಯಾಗಿ ಹಿಡಿದೆ. ಏನೂ ಇಲ್ಲ. ಎರಡು ಕೈಯಲ್ಲೂ ಹಿಡಿದೆ. ಕೆನ್ನೆ ಒತ್ತಿ ತೋರಿಸಿದೆ. ಏನೂ ಇಲ್ಲ. ಅದು ವಾಯು, ರಾತ್ರಿ ಅವರೆಕಾಳು ತಿಂದದ್ದು ಕೈಗೆ ಏರಿದೆ, ಜೀರಿಗೆ ಕಷಾಯ ಕುಡಿ ಎಂದೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ನನ್ನ ಬಲಗಾಲಿನ ಹಿಮ್ಮಡಿಯಲ್ಲಿ ಆಣಿ ಇದೆ. ಡಾಕ್ಟರು ಹೇಳಿದ ಮೇಲೆ ಮನೆಯ ಒಳಗೂ ಹಿತ್ತಲಲ್ಲೂ ರಬ್ಬರ್ ಚಪ್ಪಲಿ ಹಾಕಿಯೇ ಓಡಾಡುತ್ತಿದ್ದೆ. ಮಂಜುಳಮ್ಮ ರಂಗೋಲಿ ಹಾಕುವ ನೆಲದ ಮೇಲೆ ಚಪ್ಪಲಿ ಮೆಟ್ಟುವವಳಲ್ಲ. ಈ ವ್ಯತ್ಯಾಸ ಆಗ ನನ್ನ ಘನವಾದ ತಲೆಗೆ ಹೊಳೆಯಲಿಲ್ಲ. (ನಿಮಗೆ ಆಗಲೇ ಹೊಳೆದಿದ್ದರೆ ದಯವಿಟ್ಟು ನಮ್ಮ ಬೀಗಿತ್ತಿಗೆ ಹೇಳಬೇಡಿ.)

ಬುಧವಾರ ಬೀದಿಯ ಕರಿನಾಯಿ ಒಡೆದ ಕಾಂಪೌಂಡಿನಿಂದ ಒಳಗೆ ಬಂತು. ಗಾಡಿಮನೆಯ ಕೊಂಡಿ ಅದಕ್ಕೆ ಹೊಸದು, ನೋಡಿತು, ಮೂಸಿತು, ನಾಯಿಗಳ ಪದ್ಧತಿಯಂತೆ ಕಾಲೆತ್ತಿತು. ಮರುಕ್ಷಣ ಅದು ಕಿರುಚಿಕೊಂಡು ಓಡಿದ ರಭಸಕ್ಕೆ ಎರಡು ಬೀದಿಯ ಜನ ಹೊರಗೆ ಬಂದರು. ಮಂಜುಳಮ್ಮ ಸೊಂಟದ ಮೇಲೆ ಕೈಯಿಟ್ಟು, ನಾಯಿಗೂ ವಾಯುವಾ ಎಂದು ಕೇಳಿದಳು. ನಾನು ಗಾಡಿಮನೆಯ ಸೂರು ತೋರಿಸಿದೆ. ಅಲ್ಲಿ ಒಂದು ಕಾಗೆ ಬೆಳಗ್ಗೆಯಿಂದ ಕೂತು ಗರಿ ಕೆದರಿಕೊಳ್ಳುತ್ತಿತ್ತು. ಕರೆಂಟಿದ್ದರೆ ಕಾಗೆ ಕೂರುತ್ತಿತ್ತೇ? ಜುಮ್ ಎನ್ನುವುದು ನಾಯಿಗೂ ನಿನಗೂ ಮಾತ್ರ ಏಕೆ ಎಂದುಬಿಟ್ಟೆ. ಆ ವಾಕ್ಯವನ್ನು ನಾನು ಹೇಳಬಾರದಿತ್ತು. ಅಂದು ರಾತ್ರಿ ನನ್ನ ತಟ್ಟೆಗೆ ಬಿದ್ದದ್ದು ಬರೀ ಮಜ್ಜಿಗೆ ಅನ್ನ.

ಗುರುವಾರ ಅವಳು ಇನ್ನೊಂದು ವರದಿ ತಂದಳು.

"ನಿಮ್ ಚಪ್ಲಿ ಮೆಟ್ಕೊಂಡು ಮುಟ್ಟಿದೆ, ಏನಿಲ್ಲ. ಬರೀ ಕಾಲಲ್ಲಿ ಮುಟ್ಟಿದೆ, ಐತೆ. ಇದ್ರಲ್ಲಿ ಏನೋ ಐತೆ. ಅಣ್ಣಾಮಲೈ ಬರೋಗಂಟ ಬ್ಯಾಡ."

ಎಂಥ ಸ್ಪಷ್ಟವಾದ ಮಾತು. ಪ್ರಯೋಗಶಾಲೆಯಲ್ಲಿ ಬಿಳಿ ಕೋಟು ಹಾಕಿದವರು ಇದಕ್ಕಿಂತ ಚೆನ್ನಾಗಿ ಹೇಳಲಾರರು. ಅದನ್ನು ಕೇಳಿ ನಾನು ಮಾಡಿದ್ದೇನು? ನನ್ನ ಚಪ್ಪಲಿಯನ್ನು ಕೇಳದೆ ಏಕೆ ಹಾಕಿಕೊಂಡೆ ಎಂದು ಜಗಳ ತೆಗೆದೆ. ಅವಳು ಮುಂದೆ ಮಾತಾಡಲಿಲ್ಲ. ಮಾತು ನಿಲ್ಲಿಸಿದಳೆಂದರೆ ಸೋತಳು ಎಂದು ಅರ್ಥಮಾಡಿಕೊಂಡೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವನಿಗೆ ಇದಕ್ಕಿಂತ ದೊಡ್ಡ ತಪ್ಪು ಸಾಧ್ಯವಿಲ್ಲ.

ಶುಕ್ರವಾರ ಬೆಳಗ್ಗೆ ನೋಡುತ್ತೇನೆ, ಮೀಟರ್ ಬೋರ್ಡಿನಲ್ಲಿ ಎ.ಸಿ.ಯ ಪಿಂಗಾಣಿ ಫ್ಯೂಸೇ ಇಲ್ಲ. ಹಲ್ಲು ಬಿದ್ದ ಬಾಯಂತೆ ಜಾಗ ಖಾಲಿ. ಇಲಿ ಎಳೆದುಕೊಂಡು ಹೋಗಿರಬೇಕು ಎಂದುಕೊಂಡೆ. (ಪಿಂಗಾಣಿ ತಿನ್ನುವ ಇಲಿ. ನನ್ನ ತಲೆ ಅಂದು ಯಾವುದನ್ನಾದರೂ ನಂಬಲು ಸಿದ್ಧವಿತ್ತು.) ಬೋರ್ ಮೋಟರಿನ ಫ್ಯೂಸು ಪಕ್ಕದಲ್ಲೇ ಇತ್ತು. ಅದನ್ನು ಕಿತ್ತು ಇದಕ್ಕೆ ಸಿಕ್ಕಿಸಿದೆ. ಸ್ವಿಚ್ ಮಾತ್ರ ಹಾಕಲಿಲ್ಲ. ಬೀಗರು ಹಿತ್ತಲಿಗೆ ಬಂದು ನಿಂತಾಗ ಎಲ್ಲರೆದುರು ಹಾಕಿ, ಗಾಡಿಮನೆ ಗರ್ಜಿಸುವುದನ್ನು ಕೇಳಿಸಬೇಕೆಂದು ಆಸೆ.

ಹತ್ತು ಗಂಟೆಗೆ ಟ್ಯಾಕ್ಸಿ ಬಂತು. ಚೆಲ್ಲಮ್ಮ, ಬೈರಪ್ಪ, ನಡುವೆ ನಮ್ಮ ಜಯಪ್ರಿಯಾ. ಮೊಣಕೈವರೆಗೆ ಗಾಜಿನ ಬಳೆ, ಕಾಲಲ್ಲಿ ಬೆಳ್ಳಿ ಕಾಲುಂಗುರ, ಹೊಟ್ಟೆಯ ಮೇಲೊಂದು ಕೈ. ಬಾಗಿಲಲ್ಲಿ ಮಂಜುಳಮ್ಮ ಆರತಿ ಎತ್ತಿದಳು. ಒಳಗೆ ಕಾಫಿ ಆಯಿತು. ಆ ಕಾಫಿಯ ಹೊತ್ತಿನಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಕಥೆಯಲ್ಲಿ ಒಂದು ಅವಮಾನವಾದರೂ ಕಡಿಮೆಯಾಗುತ್ತಿತ್ತು. ಸುಮ್ಮನಿರಲಿಲ್ಲ. ಎಲೆಕ್ಟ್ರಿಷಿಯನ್ ಸೋತು ಕೈಬಿಟ್ಟ ಎ.ಸಿ.ಯನ್ನು ನಾನೊಬ್ಬನೇ ಹೇಗೆ ದಾರಿಗೆ ತಂದೆ, ಅನಾವಶ್ಯಕವಾಗಿದ್ದ ಮೂರನೇ ವೈರನ್ನು ಹೇಗೆ ಪತ್ತೆಹಚ್ಚಿ ಕತ್ತರಿಸಿದೆ ಎಂಬುದನ್ನು ಸವಿಸ್ತಾರವಾಗಿ ವಿವರಿಸಿದೆ. ಬೈರಪ್ಪನವರು ತಲೆದೂಗಿದರು. ಮಂಜುಳಮ್ಮ ಆಗ ಅಡಿಗೆಮನೆಯಲ್ಲಿ ಪಾಯಸ ಕಲಕುತ್ತಿದ್ದಳು, ಅವಳಿಗೆ ಇದು ಕೇಳಿಸಲಿಲ್ಲ.

ಬೀಗರನ್ನೂ ಮಗಳನ್ನೂ ಹಿತ್ತಲಿಗೆ ಕರೆತಂದೆ. ಚೆಲ್ಲಮ್ಮನವರು ಸೊಸೆಯ ಕೈಕಾಲು ತೊಳೆಸಲು ತೊಟ್ಟಿಯಿಂದ ಎರಡು ಚೆಂಬು ನೀರು ಸುರಿದರು. ಗಾಡಿಮನೆಯ ಬಾಗಿಲ ಮುಂದಿನ ಕಲ್ಲುಹಾಸು ಒದ್ದೆಯಾಯಿತು. ನಾನು ಗೋಡೆಯ ಸ್ವಿಚ್ ಹಾಕಿದೆ. ಗಾಡಿಮನೆ ಗುರ್ ಎಂದಿತು. ಜಯಪ್ರಿಯಾ ನಕ್ಕು, ಬಲಗಾಲು ಮುಂದಿಟ್ಟು, ಬಾಗಿಲ ಹಿಡಿಯ ಕಡೆಗೆ ಕೈ ಚಾಚಿದಳು.

ಅವಳನ್ನು ತಡೆದದ್ದು ನಾನಲ್ಲ. ಚೆಲ್ಲಮ್ಮನವರು.

"ಇರವ್ವ. ಚಕ್ರ ಇರೋ ಗಾಡಿ. ಪೂಜೆ ಆಗ್ದೆ ಬಸ್ರಿ ಅತ್ತಬಾರ್ದು. ಮನೆ ಯಜಮಾನ್ರು ಮೊದ್ಲು ಕುಂಕುಮ ಇಡ್ಲಿ."

ಲಾರಿ ಆಫೀಸಿನವನ ಮನೆಯಲ್ಲಿ ವಾಹನಪೂಜೆ ಮರೆತದ್ದಕ್ಕೆ ನನಗೇ ನಾಚಿಕೆಯಾಯಿತು. ಮಂಜುಳಮ್ಮ ಮಗಳನ್ನು ಕೂರಿಸಲು ಮಣೆ ಹುಡುಕುತ್ತಾ ಇನ್ನೂ ಒಳಗೇ ಇದ್ದಳು. ನಾನು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ಕುಂಕುಮದ ಬಟ್ಟಲು ಹಿಡಿದು ಬಾಗಿಲ ಮುಂದೆ ನಿಂತೆ. ಆಗ ಬೈರಪ್ಪನವರು ನನ್ನ ಕಾಲು ನೋಡಿ ಮೆಲ್ಲಗೆ ಹೇಳಿದರು: ಬೀಗರೇ, ಚಪ್ಪಲಿ.

ಚಪ್ಪಲಿ ಬಿಟ್ಟೆ. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತೆ. ಎಡಗೈಯಲ್ಲಿ ಬಟ್ಟಲು. ಬಲಗೈಯಿಂದ ಹಿಡಿಗೆ ಕುಂಕುಮ ಹಚ್ಚಲು ಹೋದೆ.

ಆಮೇಲೆ ನಡೆದದ್ದನ್ನು ವರ್ಣಿಸಲು ನನ್ನಲ್ಲಿ ಪದವಿಲ್ಲ. ಜುಮ್ ಎನ್ನುವುದು ಬಹಳ ಸಣ್ಣ ಪದ. ಕೈ ಹಿಡಿಯನ್ನು ಹಿಡಿದುಕೊಂಡಿತು, ಬಿಡು ಎಂದರೆ ಬಿಡಲಿಲ್ಲ, ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಎದುರಿಗೆ ಚೆಲ್ಲಮ್ಮನವರು ನನ್ನ ಭಕ್ತಿಪರವಶತೆಯನ್ನು ಮೆಚ್ಚಿ ಕೈಮುಗಿದು ನಿಂತಿದ್ದರು. ನನ್ನ ಮೈಮೇಲೆ ಚೌಡೇಶ್ವರಿ ಬಂದಿದ್ದಾಳೆ ಎಂದುಕೊಂಡರಂತೆ. ಜಯಪ್ರಿಯಾ ಗಾಬರಿಯಾಗಿ, ಅಪ್ಪಾ ಎಂದು ನನ್ನ ಭುಜ ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟಳು. ಅದೊಂದು ನನಗೆ ಕಾಣಿಸಿತು. ಬೇಡ ಎನ್ನಲು ಆಗಲಿಲ್ಲ.

ಅಷ್ಟರಲ್ಲಿ ಮಂಜುಳಮ್ಮ ಮಣೆ ಹಿಡಿದು ಹೊಸ್ತಿಲಿಗೆ ಬಂದಿದ್ದಳು. ಓಡಬಾರದ ಎ.ಸಿ. ಓಡುತ್ತಿರುವುದು ಅವಳ ಕಿವಿಗೆ ಬಿತ್ತು, ಬರಿಗಾಲಲ್ಲಿ ನಾನು ನಿಂತಿರುವುದು ಕಣ್ಣಿಗೆ ಬಿತ್ತು. ಓಡಿ ಬಂದು ಒಂದು ಕೈಯಲ್ಲಿ ಮಗಳ ಸೆರಗು ಹಿಡಿದು ಹಿಂದಕ್ಕೆ ಎಳೆದಳು. ಇನ್ನೊಂದು ಕೈಯಲ್ಲಿದ್ದ ಹಲಸಿನ ಮರದ ಮಣೆಯನ್ನು ಎತ್ತಿ ನನ್ನ ಮುಂಗೈಯ ಮೇಲೆ ಅಪ್ಪಳಿಸಿದಳು. ಒಂದೇ ಏಟು. ಕೈ ಬಿಟ್ಟಿತು, ನಾನು ಕುಂಕುಮದ ಸಮೇತ ಹಿಂದಕ್ಕೆ ಬಿದ್ದೆ. ಅವಳು ನನ್ನನ್ನು ದಾಟಿಕೊಂಡು ಹೋಗಿ ಸ್ವಿಚ್ ಆರಿಸಿದಳು. ಗುರ್ ಎನ್ನುವುದು ನಿಂತಿತು. ತಲೆಯಿಂದ ಹೊಟ್ಟೆಯವರೆಗೆ ಕುಂಕುಮ ಸುರಿದುಕೊಂಡು ಬಿದ್ದಿದ್ದ ನನ್ನನ್ನು ಕಂಡು, ಆಗತಾನೆ ಒಳಗೆ ಬಂದ ಅಣ್ಣಾಮಲೈ ರಕ್ತವೆಂದು ಹೆದರಿ ಚೀಲ ಕೆಳಗೆ ಹಾಕಿದ. ಮಂಜುಳಮ್ಮ ಅವನ ಮನೆಗೆ ಮುಂಚೆಯೇ ಹೇಳಿಕಳಿಸಿ, ಆತ್ತೂರಿನಿಂದ ನೇರವಾಗಿ ಇಲ್ಲಿಗೆ ಬಾ ಎಂದಿದ್ದಳು.

ನನ್ನನ್ನು ಎತ್ತಿ ಕೂರಿಸಿ ನೀರು ಕುಡಿಸಿದರು. ಅಣ್ಣಾಮಲೈ ಮೇನ್ ಆರಿಸಿ ಎ.ಸಿ. ಪೆಟ್ಟಿಗೆ ಬಿಚ್ಚಿದ. ಶಂಕಗಿರಿಯಿಂದ ಎಳೆದು ತಂದ ಕುಲುಕಾಟದಲ್ಲಿ ಒಳಗಿನ ಒಂದು ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ, ತಾಮ್ರ ಬಾಡಿಗೆ ಅಂಟಿ ಕೂತಿತ್ತು. ಅದನ್ನು ತೋರಿಸಿ ಅವನು ಕೆಳಗೆ ಬಗ್ಗಿದ. ಹಸಿರು ವೈರಿನ ತುಂಡು ಕೈಗೆ ಬಂತು.

"ಯಾರ್ ಸಾರ್ ಇದ ಕಟ್ ಪಣ್ಣದು?"

ಯಾರು ಕತ್ತರಿಸಿದ್ದು ಎಂದು ಅವನ ಪ್ರಶ್ನೆ. ನನ್ನ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ, ಇಲಿ ಎನ್ನಲು ಹೊರಟಿತ್ತು.

"ಇಲಿಯಲ್ಲಪ್ಪ" ಎಂದರು ಚೆಲ್ಲಮ್ಮನವರು, ನಾನು ಅರ್ಧ ಹೇಳುವಷ್ಟರಲ್ಲೇ. "ನಮ್ ಬೀಗ್ರು. ಕಾಪಿ ಕುಡೀವಾಗ ಅವ್ರೇ ಏಳಿದ್ರು."

ಅಣ್ಣಾಮಲೈ ನನ್ನ ಮುಖವನ್ನೇ ನೋಡಿದ. ನಾನು ಲಾರಿ, ಬಾಡಿ, ಅರ್ತ್ ಎಂದೇನೋ ತೊದಲಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಲಾರಿಗೆ ಇಪ್ಪತ್ನಾಲ್ಕು ವೋಲ್ಟು, ಇದಕ್ಕೆ ಇನ್ನೂರ ಮೂವತ್ತು ಎಂದು ಒಂದನೇ ಕ್ಲಾಸಿನವನಿಗೆ ಹೇಳುವಂತೆ ಹೇಳಿದ. ರಬ್ಬರ್ ಚಕ್ರದ ಮೇಲೆ ನಿಂತ ಗಾಡಿಗೆ ನೆಲದ ಸಂಬಂಧವೇ ಇಲ್ಲ, ಸೋರಿದ ಕರೆಂಟು ಭೂಮಿಗೆ ಹೋಗಲು ಆ ಹಸಿರು ವೈರೊಂದೇ ದಾರಿ, ಆ ದಾರಿಯಲ್ಲಿ ಹೋಗುತ್ತಿದ್ದದ್ದರಿಂದಲೇ ಫ್ಯೂಸು ಹಾರಿ ಹಾರಿ ಅಪಾಯ ಅಪಾಯ ಎಂದು ಹೇಳುತ್ತಿತ್ತು. ಅದನ್ನು ಕತ್ತರಿಸಿದ ಮೇಲೆ ಕರೆಂಟು ಬಾಡಿಯಲ್ಲೇ ಕಾದು ಕೂತಿತ್ತು, ಯಾರಾದರೂ ಬರಿಗಾಲಲ್ಲಿ ಬಂದು ಮುಟ್ಟಲಿ ಎಂದು. ಕಾಗೆಗೆ ನೆಲ ಸೋಕುವುದಿಲ್ಲ, ನನಗೆ ಚಪ್ಪಲಿ. ನಾಯಿಗೆ ಎರಡೂ ಇಲ್ಲ.

ಮಂಜುಳಮ್ಮ ಒಳಗೆ ಹೋಗಿ ಹುಣಸೆಹಣ್ಣಿನ ಜಾಡಿ ತಂದು, ಅದರೊಳಗೆ ಕೈಹಾಕಿ ಪಿಂಗಾಣಿ ಫ್ಯೂಸು ತೆಗೆದು ಅಣ್ಣಾಮಲೈಗೆ ಕೊಟ್ಟಳು. ಅವನು ಬಂದು ನೋಡುವವರೆಗೆ ಎ.ಸಿ. ಓಡಬಾರದೆಂದು ಹಿಂದಿನ ದಿನವೇ ಕಿತ್ತು ಬಚ್ಚಿಟ್ಟಿದ್ದಳು. ಇದು ಇಲ್ಲಿರುವಾಗ ಅದು ಹೇಗೆ ಓಡಿತು ಎಂದು ಅವಳು ಕೇಳಲಿಲ್ಲ. ಬೋರ್ಡಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಅಷ್ಟೇ.

ಆ ನೋಟದಲ್ಲಿ ನಾನು ಕುಗ್ಗಿಹೋದೆ. ಕಲ್ಲುಹಾಸಿನ ಮೇಲೆ ಮಗಳ ಒದ್ದೆ ಹೆಜ್ಜೆಯ ಗುರುತು ಇನ್ನೂ ಆರಿರಲಿಲ್ಲ. ಬಾಗಿಲ ಹಿಡಿಗೂ ಆ ಗುರುತಿಗೂ ಒಂದು ಮೊಳ ದೂರ. ಚೆಲ್ಲಮ್ಮನವರಿಗೆ ಪೂಜೆಯ ನೆನಪು ಒಂದು ಗಳಿಗೆ ತಡವಾಗಿ ಬಂದಿದ್ದರೆ ಆ ಹಿಡಿ ಹಿಡಿಯುತ್ತಿದ್ದದ್ದು ಬಳೆ ತುಂಬಿದ ಕೈ. ಬೀಗರ ಮುಂದೆ ಒಂದು ಮಾತು ದೊಡ್ಡದಾಗಿ ಆಡಿದ್ದಕ್ಕೆ ನನ್ನ ಮಗಳನ್ನು ನಾನೇ ಕೊಲ್ಲುವವನಿದ್ದೆ. ಇದನ್ನು ಬರೆಯುವಾಗಲೂ ನನಗೆ ತಲೆಯೆತ್ತಲು ಆಗುವುದಿಲ್ಲ.

ಚೆಲ್ಲಮ್ಮನವರು ಎದ್ದರು. ಟ್ಯಾಕ್ಸಿ ಇನ್ನೂ ಬೀದಿಯಲ್ಲಿತ್ತು. ಸೊಸೆಯ ಕೈ ಹಿಡಿದು, ನಡಿಯವ್ವ, ಧರ್ಮಪುರಿಗೇ ಹೋಗೋಣ ಎಂದರು. ಯಾರು ತಾನೇ ಬೇಡ ಎನ್ನಲು ಸಾಧ್ಯ? ಮಂಜುಳಮ್ಮ ಬಿರುಕು ಬಿಟ್ಟ ಮಣೆಯನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದಳು. ಟ್ರಂಕು ಮನೆಯೊಳಗೆ ಕಟ್ಟೆಯ ಮೇಲೆ ತೆರೆದೇ ಇತ್ತು, ಮಡಿಸಿದ ಬಟ್ಟೆಯೆಲ್ಲ ಇಲ್ಲಿಂದಲೇ ಕಾಣುತ್ತಿತ್ತು.

"ತಪ್ಪು ನಂದು" ಎಂದೆ. ನಾಲಿಗೆ ಇನ್ನೂ ದಪ್ಪವಾಗಿತ್ತು. "ಇವ್ಳದಲ್ಲ. ಮಂಗಳವಾರದಿಂದ್ಲೂ ಜುಮ್ ಅಂತೈತೆ ಅಂತ ಏಳ್ತಾನೇ ಇದ್ಲು."

"ಏಳಿದ್ಳಾ?" ಎಂದರು ಚೆಲ್ಲಮ್ಮನವರು.

"ಏಳಿದ್ಳು."

"ನೀವೇನಂದ್ರಿ?"

ನಾನು ನೆಲ ನೋಡಿದೆ. "ವಾಯು ಅಂದೆ."

ಬೈರಪ್ಪನವರಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಅಣ್ಣಾಮಲೈ ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡ. ಚೆಲ್ಲಮ್ಮನವರು ಮಾತ್ರ ನಗಲಿಲ್ಲ. ಅವರ ಗಂಡನೂ ಅವರಿಗೆ ಎಷ್ಟು ಸಲ ವಾಯು ಎಂದಿದ್ದಾರೋ, ಯಾರು ಬಲ್ಲರು. ಮಂಜುಳಮ್ಮನ ಕೈಯಿಂದ ಮಣೆ ತೆಗೆದುಕೊಂಡು ನೋಡಿದರು, ಹುಣಸೆ ಜಾಡಿಯನ್ನು ನೋಡಿದರು. ಸೊಸೆಯ ಕೈಯನ್ನು ತಂದು ಮಂಜುಳಮ್ಮನ ಕೈಯಲ್ಲಿಟ್ಟರು.

"ನಿನ್ ಕೈಲಿ ಬುಟ್ಟು ಓಗ್ತಾ ಇವ್ನಿ ಅಕ್ಕಾ. ಇವ್ರ ಕೈಲಲ್ಲ."

ಒಂದು ಷರತ್ತನ್ನೂ ಹಾಕಿ ಹೋದರು. ಅಣ್ಣಾಮಲೈ ಎಲ್ಲ ಸರಿಮಾಡಿದ ಮೇಲೂ, ಪ್ರತಿದಿನ ಬೆಳಗ್ಗೆ ಜಯಪ್ರಿಯಾ ಗಾಡಿಮನೆಯ ಹತ್ತಿರ ಬರುವ ಮೊದಲು, ಮನೆಯ ಯಜಮಾನರು ಚಪ್ಪಲಿ ಬಿಟ್ಟು, ಒದ್ದೆ ಕಲ್ಲಿನ ಮೇಲೆ ನಿಂತು, ಬಾಗಿಲ ಹಿಡಿ ಹಿಡಿಯತಕ್ಕದ್ದು. ನನ್ನ ರಬ್ಬರ್ ಚಪ್ಪಲಿಯನ್ನು ತಮ್ಮ ಚೀಲದಲ್ಲಿ ಹಾಕಿಕೊಂಡು ಧರ್ಮಪುರಿಗೆ ಒಯ್ದರು.

ಅಣ್ಣಾಮಲೈ ವೈರು ಬದಲಾಯಿಸಿದ, ಹಸಿರು ವೈರನ್ನು ಮತ್ತೆ ಕೂಡಿಸಿದ, ಟೆಸ್ಟರ್ ಇಟ್ಟು ಮೈಯೆಲ್ಲ ಪರೀಕ್ಷೆ ಮಾಡಿದ. ಅರ್ತಿನ ಗುಂಡಿ ಒಣಗಬಾರದು, ದಿನಾ ಒಂದು ಕೊಡ ನೀರು ಹಾಕಬೇಕು ಎಂದ. ಆ ಹುದ್ದೆಯೂ ನನಗೇ ಬಂತು. ಕಾಲಾಣಿಯಲ್ಲಿ ಕುಂಟುತ್ತಾ ಕೊಡ ಹೊತ್ತು ಗುಂಡಿಗೆ ನೀರೆರೆದು, ಕಲ್ಲಿನ ಮೇಲೆ ನಿಂತು, ಹಿಡಿ ಮುಟ್ಟುತ್ತಿದ್ದೆ. ಮಂಜುಳಮ್ಮ ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಕೈಯಲ್ಲಿ ಮಣೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಏನಾದರೂ ಆಯಿತಾ ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಕಾಂಪೌಂಡಿನ ಆಚೆ ನೆರೆಯವರು ಹಲ್ಲುಜ್ಜುತ್ತಾ ಸಾಲಾಗಿ ನಿಂತು ನೋಡುತ್ತಿದ್ದರು. ಕರಿನಾಯಿಯೂ ಬರುತ್ತಿತ್ತು, ದೂರದಲ್ಲಿ ಕೂರುತ್ತಿತ್ತು.

ಮೊಮ್ಮಗಳು ಹುಟ್ಟುವ ಹಿಂದಿನ ದಿನ ಹೀಗೇ ಹಿಡಿ ಮುಟ್ಟಿದೆ. ಕೈಯಿಂದ ಭುಜದವರೆಗೆ ಸಣ್ಣಗೆ ಜುಮ್ ಎಂದಿತು. ಕೈ ಕಿತ್ತುಕೊಂಡು ಹಿಂದೆ ಸರಿದೆ.

"ಜುಮ್ ಅಂತೈತೆ" ಎಂದೆ.

ನಾನು ಮಾತು ಮುಗಿಸುವ ಮೊದಲೇ ಅವಳ ಕೈ ಸ್ವಿಚ್ ಆರಿಸಿತ್ತು. ಮೇನ್ ಕೂಡ ಆರಿಸಿ, ಜಯಪ್ರಿಯಾಳಿಗೆ ಒಳಗೇ ಇರು ಎಂದು ಹೇಳಿ, ಅಣ್ಣಾಮಲೈಗೆ ಹೇಳಿಕಳಿಸಿ, ಆಮೇಲೆ ನನ್ನ ಕಡೆ ತಿರುಗಿದಳು.

"ವಾಯು" ಎಂದಳು. "ಜೀರಿಗೆ ಕಷಾಯ ಕುಡೀರಿ."

ಅಣ್ಣಾಮಲೈ ಬಂದು ಗಂಟೆಗಟ್ಟಲೆ ಪರೀಕ್ಷೆ ಮಾಡಿದ. ಟೆಸ್ಟರ್ ಎಲ್ಲಿಯೂ ಹೊತ್ತಲಿಲ್ಲ. ವೈರು ಸರಿ, ಗುಂಡಿ ಸರಿ, ಫ್ಯೂಸು ಸರಿ. ಕೊನೆಗೆ ನನ್ನನ್ನು ನೋಡಿ, ರಾತ್ರಿ ಏನು ಸಾರ್ ಊಟ ಎಂದು ಕೇಳಿದ. ಅವರೆಕಾಳು. ನಾನು ಅಡಿಗೆಮನೆಗೆ ಹೋಗಿ, ಯಾರಿಗೂ ಹೇಳದೆ, ಜೀರಿಗೆ ಕಷಾಯ ಕುಡಿದೆ. ಅರ್ಧ ಗಂಟೆಯಲ್ಲಿ ಜುಮ್ ಎನ್ನುವುದು ನಿಂತುಹೋಯಿತು.